ಇಲ್ಲದ ಮಗಳ ಗಂಡ

ಮಗಳ ಹಲ್ಲನ್ನು ಇವತ್ತು ಬೀಳಿಸಿಬಿಟ್ಟರೆ ಹೇಗೆ?

ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದವನಿಗೆ ಎದ್ದಾಗಿನಿಂದ ಇದೇ ಯೋಚನೆ. ಅವಳಿಗೆ ಆರು ತುಂಬಿತು. ಮುಂದಿನ ಹಲ್ಲು ಅಲ್ಲಾಡುತ್ತಿದೆ ಎಂದು ಕಳೆದ ಸಲದ ಊಟದಲ್ಲಿ ಹೇಳಿಯಾಗಿತ್ತು. ಹೇಳಿದ ಮೇಲೆ ಬೀಳಿಸದೆ ವಿಧಿಯಿಲ್ಲ. ಆದರೆ ಎಲ್ಲಿ, ಹೇಗೆ? ಬ್ರೆಡ್ಡು ಕಚ್ಚಿದಾಗ ಬಿತ್ತು ಎಂದರೆ ಸಪ್ಪೆ. ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಬಿದ್ದು ಸಿಗಲೇ ಇಲ್ಲ ಎಂದರೆ? ಈ ವೈನಿನಲ್ಲಿ ಎಲ್ಲೋ ನನ್ನ ಮಗಳ ಹಲ್ಲಿದೆ, ನೋಡಿಕೊಂಡು ಕುಡಿಯಿರಿ ಎನ್ನಬಹುದು. ಜನ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಕನ್ನಡಿಯಲ್ಲಿ ತನಗೆ ತಾನೇ ನಕ್ಕ, ನೊರೆ ಬಾಯಿಗೆ ಹೋಯಿತು.

ಅವನಿಗೆ ಮಗಳಿರಲಿಲ್ಲ. ಹೆಂಡತಿಯೂ ಇರಲಿಲ್ಲ. ನಲವತ್ತು ದಾಟಿದ ಅವನಿಗೆ ಇದ್ದದ್ದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಇಟಲಿಯ ಹಳೆಯ ಗೋರಿಗಳ ಮೇಲಿನ ಬರಹಗಳನ್ನು ಓದಿ ಪಡೆದ ಒಂದು ಡಾಕ್ಟರೇಟು, ಮತ್ತು ಈಗ ಆಚೆ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಮ್ಮ.

"ಬಿಸಿನೀರೆಲ್ಲ ಖಾಲಿ ಮಾಡ್ಬೇಡ," ಎಂದು ಅಮ್ಮ ಕೂಗಿದಳು. "ನಾನೂ ತಲೆ ತೊಳ್ಕೋಬೇಕು."

"ಏನಿವತ್ತು?"

"ಸಾಯಂಕಾಲ ಹೊರಗೆ ಊಟಕ್ಕೆ ಕರೆದಿದ್ದಾರೆ."

"ಒಳ್ಳೇದಾಯ್ತು ಬಿಡು."

ಯಾರು ಕರೆದರು, ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಅವಳೂ ಕೇಳುತ್ತಾಳೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದವಳು. ಅರ್ಧ ಊರಿನ ಗುಟ್ಟನ್ನು ಕಿವಿಯಲ್ಲಿ ತುಂಬಿಕೊಂಡು, ಒಂದನ್ನೂ ಬಾಯಿಂದ ಬಿಡದೆ ನಿವೃತ್ತಳಾದವಳು. ಇಬ್ಬರು ಮಾತಾಡುತ್ತಿರುವ ಲೈನಿನಲ್ಲಿ ಮೂರನೆಯವರು ಬಾಯಿ ಹಾಕಬಾರದು ಎನ್ನುವುದು ಆ ಕೆಲಸದ ಮೊದಲ ಪಾಠ. ಮನೆಯಲ್ಲೂ ಅವಳು ಆ ಪಾಠ ಮರೆತಿರಲಿಲ್ಲ, ಅವನ ಮದುವೆಯ ವಿಷಯವೊಂದನ್ನು ಬಿಟ್ಟು.

"ನಿಂಗೆ ತಡಾನಾ ಇವತ್ತು?"

"ಸ್ವಲ್ಪ."

"ಅನುವಾದ ಜಾಸ್ತಿ ಇದ್ಯಾ?"

"ಹೂಂ."

ವೈನು ತರಿಸುವ ಕಂಪನಿಯೊಂದರಲ್ಲಿ ಮಗ ಕಾಗದಪತ್ರ ಅನುವಾದ ಮಾಡುತ್ತಾನೆ ಎಂದು ಅವಳು ತಿಳಿದಿದ್ದಳು. ಮೊದಲು ಅದು ನಿಜವೂ ಆಗಿತ್ತು.

ಮಧ್ಯಾಹ್ನ ರೆಸ್ಟೋರೆಂಟಿನ ಹಿಂಬಾಗಿಲಿನಿಂದ ಒಳಗೆ ಬಂದಾಗ ಶೆಫ್ ಅಣಬೆಯ ಬುಟ್ಟಿಯನ್ನು ಮುಂದಿಟ್ಟುಕೊಂಡು ತಂದವನಿಗೆ ಬೈಯುತ್ತಿದ್ದ. ಇವನನ್ನು ಕಂಡದ್ದೇ ಬೈಗುಳ ಇತ್ತ ತಿರುಗಿತು.

"ನೋಡಿ, ಬೇಜಾರು ಮಾಡ್ಕೋಬೇಡಿ. ಪ್ರತಿ ಸಲ ನಿಮ್ಮ ತಾಯಿ ಸಾಯೋಷ್ಟರಲ್ಲಿ ನನ್ನ ಮಾಂಸ ಆರಿ ತಣ್ಣಗಾಗಿರುತ್ತೆ. ಇವತ್ತು ಸ್ವಲ್ಪ ಬೇಗ ಸಾಯಿಸಿ."

"ನೋಡ್ತೀನಿ."

"ಮಧ್ಯಾಹ್ನದಿಂದ ಬೇಯಿಸಿರ್ತೀನ್ರೀ. ಜನ ಫೋರ್ಕು ಕೆಳಗಿಟ್ಟು ಅಳ್ತಾ ಕೂತ್ಕೋತಾರೆ."

ಅವನು ಕೋಟು ಬಿಚ್ಚಿಟ್ಟು ಗ್ಲಾಸು ಒರೆಸಲು ಕೂತ. ತಲೆಗೆ ನಾಲ್ಕು ಗ್ಲಾಸು, ನಾಲ್ಕು ವೈನು, ನಾಲ್ಕು ತಿನಿಸು. ಬಿಳಿ ವೈನಿನ ಜೊತೆಗೆ ಸುಟ್ಟ ಬ್ರೆಡ್ಡಿನ ಮೇಲೆ ಉಪ್ಪುಮೀನು. ತೆಳು ಕೆಂಪಿನ ಜೊತೆಗೆ ಅಣಬೆಯ ಪಾಸ್ತಾ. ದಟ್ಟ ಕೆಂಪಿನ ಜೊತೆಗೆ ಅದೇ ವೈನಿನಲ್ಲಿ ಬೆಂದ ಕುರಿಮಾಂಸ. ಕೊನೆಗೆ ಸಿಹಿ ವೈನು, ಅದರಲ್ಲಿ ಅದ್ದಿ ತಿನ್ನಲು ಬಾದಾಮಿಯ ಗಟ್ಟಿ ಬಿಸ್ಕತ್ತು. ನಾಲ್ಕೂ ಒಂದೇ ಮನೆತನದವು, ಇಟಲಿಯ ಒಂದು ಗುಡ್ಡದ ಮೇಲೆ ಐದು ತಲೆಮಾರಿನಿಂದ ದ್ರಾಕ್ಷಿ ಬೆಳೆದವರದು.

ಆ ಮನೆತನಕ್ಕೊಂದು ಪದ್ಧತಿ ಇತ್ತು. ಪಂಕ್ತಿಯಲ್ಲಿ ಮೊದಲ ಗ್ಲಾಸನ್ನು ಮನೆಯವರೇ ಕುಡಿಯಬೇಕು, ಉಳಿದವರು ಆಮೇಲೆ. ಮನೆಯವರೊಬ್ಬರು ಇಲ್ಲದ ಕಡೆ ತಮ್ಮ ಹೆಸರಿನಲ್ಲಿ ಊಟ ನಡೆಸಕೂಡದು ಎಂದು ಆ ಮನೆಯ ಹಿರಿಯಳಾದ ಮುದುಕಿ ಕರಾರು ಹಾಕಿದ್ದಳು. ಮೊದಲ ಸಲ ದೊಡ್ಡ ಮಗ ಬಂದ, ಎರಡನೇ ಸಲ ನಡುವಿನವನು, ಆಮೇಲೆ ಚಿಕ್ಕವನು. ದೊಡ್ಡವನಿಗೆ ಸೊಂಟ ಹಿಡಿಯಿತು, ನಡುವಿನವನಿಗೆ ವಿಮಾನವೆಂದರೆ ಭಯ, ಚಿಕ್ಕವನು ಅಣ್ಣಂದಿರ ಜೊತೆ ಜಗಳವಾಡಿಕೊಂಡ. ಆಮೇಲೆ ಬರುವುದಕ್ಕೆ ಯಾರೂ ಉಳಿಯಲಿಲ್ಲ.

ರೆಸ್ಟೋರೆಂಟಿಗೂ ವೈನು ತರಿಸುವ ಕಂಪನಿಗೂ ಒಬ್ಬಳೇ ಯಜಮಾನಿ, ಅವಳು ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ. ಭಾಷೆ ಬರುತ್ತದೆಂದು ತಾನೇ ಕೆಲಸಕ್ಕೆ ಇಟ್ಟುಕೊಂಡಿದ್ದ ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಮಗ ಅಂದ್ರೆ ಮುಖ ಹೋಲಬೇಕು," ಎಂದಳು. "ಅಳಿಯ ಅಂದ್ರೆ ಯಾರ ಮುಖ ಇದ್ರೂ ಆಗುತ್ತೆ."

ಮುದುಕಿಗೆ ಫೋನು ಮಾಡಿದರೆ ಅವಳು ನಕ್ಕು ಕೆಮ್ಮಿ ಸುಸ್ತಾದಳು. ನನಗೆ ಮೂರೂ ಗಂಡು, ಒಂದು ಹೆಣ್ಣಾಗಲಿ ಎಂದು ಎಷ್ಟು ಆಸೆಪಟ್ಟಿದ್ದೆ, ಈಗ ನೋಡು, ಮಗಳಿಗಿಂತ ಮೊದಲು ಅಳಿಯ ಬಂದ ಎಂದಳು. ಆ ವರ್ಷದ ಚಳಿಗಾಲಕ್ಕೆ ಇವನಿಗೊಂದು ಸ್ವೆಟರು ಬಂತು. ತೋಳು ಸ್ವಲ್ಪ ಉದ್ದ. ಅಳಿಯ ಅಲ್ಲ, ಮಗಳ ಗಂಡ ಎಂದು ಹಾಸ್ಯ ಮಾಡುತ್ತಾರಲ್ಲ, ಇವನು ಅಳಿಯನಂತೂ ಹೌದು, ಯಾವ ಮಗಳ ಗಂಡ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವನ ಮದುವೆ ಒಂದೇ ಸುಳ್ಳಿನಲ್ಲಿ ಆಗಿಹೋಯಿತು. ಮಿಕ್ಕ ಸುಳ್ಳುಗಳೆಲ್ಲ ಬೇಕಾದದ್ದು ಸಂಸಾರ ನಡೆಸುವುದಕ್ಕೆ. ಹೆಂಡತಿಗೆ ಕಣಜದ ಹುಳು ಕಂಡರೆ ಆಗದು. ಬಾಟಲಿ ತುಂಬುವಾಗ ಅಪಸ್ವರದಲ್ಲಿ ಹಾಡುತ್ತಾಳೆ. ಮಗಳು ಎರಡನೇ ವರ್ಷದ ಒಂದು ಊಟದಲ್ಲಿ ಹುಟ್ಟಿದಳು, ಹುಟ್ಟುವಾಗಲೇ ಅವಳಿಗೆ ನಾಲ್ಕು ವರ್ಷ. ಊಟದಿಂದ ಊಟಕ್ಕೆ ಬೆಳೆದಳು. ಒಂದು ದಿನ ಅಂಗಡಿಯ ಕಿಟಕಿಯಲ್ಲಿ ಹಳದಿ ರೇನ್‌ಕೋಟು ಕಂಡು ಇವನು ಒಳಗೇ ಹೋಗಿಬಿಟ್ಟಿದ್ದ. ಮಗು ಎಷ್ಟೆತ್ತರ ಎಂದು ಅಂಗಡಿಯವಳು ಕೇಳಿದಾಗ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ತನ್ನನ್ನು ತಾನೇ ಹಂಗಿಸಿಕೊಂಡು ಹೊರಗೆ ಬಂದ, ಆದರೂ ಆ ದಿನವೆಲ್ಲ ಗೆಲುವಾಗಿದ್ದ.

ಮೊದಲು ಕಾಲೇಜಿನಲ್ಲಿ ಹಲವು ವರ್ಷ ತಾತ್ಕಾಲಿಕ ಉಪನ್ಯಾಸಕನಾಗಿದ್ದ. ಅಲ್ಲಿ ಅವನು ಹೇಳುತ್ತಿದ್ದುದೆಲ್ಲ ನಿಜ. ಕಿಟಕಿಯ ಪಕ್ಕ ಕೂತವರು ಹೊರಗೆ ನೋಡುತ್ತಿದ್ದರು, ಒಳಗೆ ಕೂತವರು ಗಡಿಯಾರ ನೋಡುತ್ತಿದ್ದರು. ಇಲ್ಲಿ ಅವನು ಬಾಯಿ ತೆರೆದರೆ ಚಮಚದ ಸದ್ದು ನಿಲ್ಲುತ್ತದೆ.

ತಾಯಿಯನ್ನು ಸಾಯಿಸಿದ್ದು ಮಾತ್ರ ಬೇಕೆಂದು ಅಲ್ಲ. ಅಳಿಯನಾದ ಹೊಸತರಲ್ಲಿ ಮೂರನೇ ಬಾಟಲಿ ಯಾರಿಗೂ ರುಚಿಸುತ್ತಿರಲಿಲ್ಲ. ತೀರ ಒಗರು ಎನ್ನುತ್ತಿದ್ದರು. ಒಂದು ದಿನ ಏನೂ ತೋಚದೆ ಹೇಳಿಬಿಟ್ಟ: ನನ್ನ ತಾಯಿ ತೀರಿಕೊಂಡಾಗ ನಾನು ಗುಡ್ಡದ ಮನೆಗೆ ಹೋಗಿ ಮಾತಿಲ್ಲದೆ ಕೂತಿದ್ದೆ. ಅತ್ತೆ ಸಮಾಧಾನ ಹೇಳಲಿಲ್ಲ. ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ವೈನು ಇನ್ನೂ ಹದವಾಗಿರದ ಪೀಪಾಯಿಯಿಂದ ಒಂದು ಲೋಟ ತೆಗೆದು ಕುಡಿಸಿ, ಇದೂ ಈಗ ಒಗರು, ನಿನ್ನ ದುಃಖವೂ ಒಗರು, ಎರಡಕ್ಕೂ ಟೈಮು ಕೊಡು ಎಂದಳು. ಆ ಪೀಪಾಯಿಯದೇ ಇದು. ಒಂದು ಮೇಜಿನಲ್ಲಿ ಯಾರೋ ಬಿಕ್ಕಿದರು. ಎಲ್ಲರೂ ಎದ್ದು ನಿಂತು ಸತ್ತವಳಿಗಾಗಿ ಕುಡಿದರು. ಯಜಮಾನಿ ಬಂದು ಇವನ ಮೊಣಕೈ ಹಿಡಿದು, "ಇದನ್ನ ಬಿಡ್ಬೇಡಿ," ಎಂದಳು. ಅಂದಿನಿಂದ ಪ್ರತಿ ಊಟದಲ್ಲೂ ಅಮ್ಮ ಸಾಯುತ್ತಿದ್ದಳು. ಪ್ರತಿ ಊಟದ ಮಾರನೇ ದಿನ ಇವನು ಅವಳಿಗೆ ಕಿತ್ತಳೆಹಣ್ಣು ತರುತ್ತಿದ್ದ. ಅವಳಿಗೆ ಕಿತ್ತಳೆ ಅಷ್ಟೇನೂ ಇಷ್ಟವಿರಲಿಲ್ಲ.

ಸಂಜೆ ದೀಪ ಹಾಕಿದರು. ಅತಿಥಿಗಳು ಕೋಟು ಕಳಚುತ್ತ, ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು. ಇವನು ಬಾಗಿಲಲ್ಲಿ ನಿಂತು ಮನೆಯವನ ನಗೆ ನಗುತ್ತಿದ್ದ. ಒಂದು ಊಟವನ್ನೂ ತಪ್ಪಿಸದ ಹಲ್ಲಿನ ಡಾಕ್ಟರು ದೂರದಿಂದಲೇ ಕೈ ಬೀಸಿದರು. ಇವನ ಮಗಳ ಹಲ್ಲಿನ ಪೂರ್ತಿ ಜವಾಬ್ದಾರಿ ತಮ್ಮದು ಎಂದು ತಿಳಿದ ಮನುಷ್ಯ.

"ಏನ್ ಅಳಿಯಂದ್ರೇ, ಬಿತ್ತಾ?"

"ಎರಡನೇ ಗ್ಲಾಸಿಗೆ ಹೇಳ್ತೀನಿ ಡಾಕ್ಟ್ರೇ."

"ಆಯ್ತು, ಕಾಯ್ತೀನಿ. ನನ್ನ ಹೆಂಡ್ತಿ ಅವಳ ಅಕ್ಕನ ಮನೆಗೆ ಹೋಗಿದ್ದಾಳೆ. ಸೀಟು ಯಾಕೆ ಹಾಳು ಮಾಡೋದು ಅಂತ ನಮ್ಮ ಹಳೇ ಪೇಷಂಟ್ ಒಬ್ರನ್ನ ಕರ್ಕೊಂಡ್ ಬಂದೆ. ಬನ್ನೀಮ್ಮಾ, ನಾನು ಹೇಳ್ತಿದ್ನಲ್ಲ, ಇವರೇ ಆ ಮನೆ ಅಳಿಯ."

ಡಾಕ್ಟರ ಭುಜದ ಹಿಂದಿನಿಂದ ಅಮ್ಮ ಮುಂದೆ ಬಂದಳು. ಇಸ್ತ್ರಿ ಮಾಡಿದ ನೀಲಿ ಬಟ್ಟೆ. ತೊಳೆದ ಕೂದಲು. ಅವಳು ಮಗನ ಮುಖ ನೋಡಿದಳು, ಎದೆಯ ಮೇಲೆ ಚುಚ್ಚಿಕೊಂಡಿದ್ದ ಮನೆತನದ ಗುರುತಿನ ಬಿಲ್ಲೆ ನೋಡಿದಳು, ಮತ್ತೆ ಮುಖ ನೋಡಿದಳು.

ಇವನು ಬಾಯಿ ತೆರೆದ. ಅಮ್ಮಾ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ, ಮಗಳು, ಗುಡ್ಡ, ಎಲ್ಲ. ಪಕ್ಕದಲ್ಲಿ ಯಜಮಾನಿ ನಿಂತಿದ್ದಳು. ಹಿಂದೆ ಇನ್ನೂ ನಾಲ್ಕು ಜನ ಒಳಗೆ ಬರಲು ಕಾಯುತ್ತಿದ್ದರು.

"ನಮಸ್ಕಾರ," ಎಂದ. "ಬನ್ನಿ."

"ನಮಸ್ಕಾರ," ಎಂದಳು ಅಮ್ಮ.

ಅವನು ನೇರ ಅಡುಗೆಮನೆಗೆ ಹೋಗಿ ತಣ್ಣೀರು ಕುಡಿದ. ಅವಳು ಈಗ ಏಳುತ್ತಾಳೆ, ಹೊರಟುಹೋಗುತ್ತಾಳೆ ಎಂದುಕೊಂಡ. ಬಾಗಿಲ ಸಂದಿಯಿಂದ ನೋಡಿದರೆ ಅವಳು ನ್ಯಾಪ್ಕಿನ್ನು ಬಿಚ್ಚಿ ತೊಡೆಯ ಮೇಲೆ ಹಾಸಿಕೊಳ್ಳುತ್ತಿದ್ದಳು. ಹೆದರಿಕೆ ಹೆಂಡತಿಯ ಸುಳ್ಳಿನದಲ್ಲ, ಮಗಳ ಸುಳ್ಳಿನದಲ್ಲ. ಅವನ್ನು ಮನೆಗೆ ಹೋದ ಮೇಲೆ ತಮಾಷೆ ಎನ್ನಬಹುದು. ಮೂರನೇ ಗ್ಲಾಸು ಬಂದಾಗ ಅವಳ ಎದುರಿಗೆ ಅವಳನ್ನು ಸಾಯಿಸಬೇಕಲ್ಲ!

"ಮೇಡಂ, ಮೂರನೇ ಗ್ಲಾಸಿನ ಕಥೆ ಇವತ್ತು ಬೇಡ," ಎಂದ ಯಜಮಾನಿಗೆ.

"ಯಾಕೆ?"

"ಗಂಟಲು ಕಟ್ಟಿದೆ."

"ಆ ಕಥೆಗೆ ಗಂಟಲು ಕಟ್ಟಿದ್ರೆ ಇನ್ನೂ ಒಳ್ಳೇದು," ಎಂದು ಅವಳು ಇವನ ಕಾಲರು ಸರಿಮಾಡಿ ಹೊರಗೆ ತಳ್ಳಿದಳು.

ಮೊದಲ ಗ್ಲಾಸು. ಪದ್ಧತಿಯಂತೆ ಅವನೊಬ್ಬನೇ ನಿಂತು ಕುಡಿದ. ಚಿಕ್ಕವನಿದ್ದಾಗ ಔಷಧಿ ನುಂಗಿದನೋ, ಕೆನ್ನೆಯೊಳಗೆ ಇಟ್ಟುಕೊಂಡನೋ ಎಂದು ನೋಡುತ್ತಿದ್ದ ಹಾಗೆಯೇ ಅಮ್ಮ ನೋಡುತ್ತಿದ್ದಳು. ಅವನು ನುಂಗಿದ. ಚಪ್ಪಾಳೆ ಬಿತ್ತು.

ನದಿಯ ಮಂಜಿನ ಬಗ್ಗೆ, ಉಪ್ಪುಮೀನಿನ ಬಗ್ಗೆ ಹೇಳಿದ. ಸಂಸಾರವನ್ನು ಆದಷ್ಟು ಸಣ್ಣದು ಮಾಡಲು ನೋಡಿದ.

"ಕೊಯ್ಲಿನ ಹೊತ್ತಲ್ಲಿ ಕಣಜ ಜಾಸ್ತಿ. ಮನೇಲಿ ಒಬ್ಬರು ತುಂಬಾ ಹೆದರ್ತಾರೆ."

"ಒಬ್ಬರು ಅಂದ್ರೇನ್ರೀ, ಹೆಂಡ್ತಿ ಅನ್ನಿ!" ಎಂದು ಹಲ್ಲಿನ ಡಾಕ್ಟರು ಕೂಗಿದರು. "ಇವತ್ತೇನು ನಾಚಿಕೆ?"

ಜನ ನಕ್ಕರು. ಅಮ್ಮ ಡಾಕ್ಟರ ಕಡೆ ವಾಲಿ ಕೇಳಿದ್ದು ಇವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಮದುವೆ ಆಗಿ ಎಷ್ಟು ವರ್ಷ ಆಯ್ತಂತೆ?"

"ಎಂಟು."

"ಓ." ಅವಳು ಒಂದು ಗುಟುಕು ಕುಡಿದಳು. "ಚೆನ್ನಾಗಿದೆ."

ವೈನೋ ಮದುವೆಯೋ ತಿಳಿಯಲಿಲ್ಲ.

ಎರಡನೇ ಗ್ಲಾಸಿಗೆ ಡಾಕ್ಟರು ಪೀಠಿಕೆಗೇ ಅವಕಾಶ ಕೊಡಲಿಲ್ಲ. ಹಲ್ಲು, ಹಲ್ಲು ಎಂದು ಮೇಜು ಕುಟ್ಟಿದರು. ಇವನಿಗೆ ಬೇರೆ ದಾರಿಯಿರಲಿಲ್ಲ. ತಗ್ಗಿದ ದನಿಯಲ್ಲಿ ಶುರುಮಾಡಿದ. ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುತ್ತ ಮಗಳು ಜಾರಿದ್ದು, ಎದ್ದಾಗ ಬಾಯೆಲ್ಲ ಕೆಂಪಾಗಿ ಅದು ರಕ್ತವೋ ರಸವೋ ಗೊತ್ತಾಗದೆ ಹೆಂಡತಿ ಕಿರುಚಿದ್ದು, ಮೂವರು ಭಾವಮೈದುನರು ಪ್ಯಾಂಟು ಮಡಚಿಕೊಂಡು ತೊಟ್ಟಿಗೆ ಇಳಿದು ಒಂದು ಅಕ್ಕಿಕಾಳಿನಷ್ಟು ಹಲ್ಲಿಗಾಗಿ ಮಧ್ಯಾಹ್ನವೆಲ್ಲ ತಡಕಾಡಿದ್ದು, ನಡುವಿನವನಿಗೆ ಒಂದು ಗುಂಡಿ ಸಿಕ್ಕಿದ್ದು.

ಹೇಳುತ್ತ ಹೇಳುತ್ತ ದನಿ ಏರಿತು. ಕೈ ಆಡಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗೆಯ ನಡುವೆ ಒಂದು ನಗೆಯನ್ನು ಅವನು ಗುರುತು ಹಿಡಿದ. ಅಮ್ಮ ಕಣ್ಣು ಒರೆಸಿಕೊಳ್ಳುತ್ತ, ಭುಜ ಕುಲುಕಿಸುತ್ತ ನಗುತ್ತಿದ್ದಳು. ಮನೆಯಲ್ಲಿ ಅವಳು ಹೀಗೆ ನಕ್ಕು ಎಷ್ಟು ಕಾಲವಾಯಿತೋ. ಅವನಿಗೆ ತಡೆಯಲಾರದ ಸಂತೋಷವಾಯಿತು. ತಾನು ಈಗ ಹೇಳುತ್ತಿರುವುದು ಅವಳೊಬ್ಬಳಿಗೇ ಎಂದು ಗೊತ್ತಾಗಿ ಇನ್ನೂ ಒಂದೆರಡು ಸುಳ್ಳು ಸೇರಿಸಿದ.

"ಮೇಲಿನ ಹಲ್ಲಾ, ಕೆಳಗಿನದಾ?" ಅಮ್ಮ ಕೂತಲ್ಲಿಂದಲೇ ಕೇಳಿದಳು.

"ಕೆಳಗಿನದು," ಎಂದ.

"ನನ್ನ ಮಗನಿಗೂ ಕೆಳಗಿನದೇ ಮೊದಲು ಬಿದ್ದಿದ್ದು," ಎಂದಳು ಡಾಕ್ಟರಿಗೆ.

"ಎಲ್ಲರಿಗೂ ಕೆಳಗಿನದೇ ಮೊದಲು ಬೀಳೋದಮ್ಮಾ," ಎಂದು ಡಾಕ್ಟರು ಅಣಬೆಯನ್ನು ಫೋರ್ಕಿಗೆ ಚುಚ್ಚಿದರು. "ನಿಮ್ಮ ಮಗ ಏನ್ ಮಾಡ್ಕೊಂಡಿದ್ದಾನೆ?"

"ಅನುವಾದ."

"ಪಾಪ," ಎಂದರು ಡಾಕ್ಟರು.

ಮೂರನೇ ಗ್ಲಾಸು ಮೇಜಿಗೆ ಬಂತು, ಜೊತೆಗೆ ಮಾಂಸ. ಅಡುಗೆಮನೆಯ ಬಾಗಿಲಲ್ಲಿ ಶೆಫ್ ನಿಂತು ಬೇಗ ಬೇಗ ಎನ್ನುವಂತೆ ಕೈಯಾಡಿಸುತ್ತಿದ್ದ. ಇವನು ಎದ್ದುನಿಂತ. ಒಗರಿನ ಬಗ್ಗೆ, ಮರದ ಬಗ್ಗೆ, ಕಾಯುವುದರ ಬಗ್ಗೆ ಎರಡು ಮಾತಾಡಿದ. ಆಮೇಲೆ ಒಂದೇ ಉಸಿರಿಗೆ, "ಅತ್ತೆಯ ತಾಯಿ ತೀರಿಕೊಂಡಾಗ ಅವರು ನೆಲಮಾಳಿಗೆಗೆ ಹೋಗಿ..." ಎಂದ.

"ಅಲ್ಲ ಅಲ್ಲ ಅಲ್ಲ!" ಹಲ್ಲಿನ ಡಾಕ್ಟರು ಕುರ್ಚಿ ಹಿಂದೆ ತಳ್ಳಿದರು. "ಅತ್ತೆಯ ತಾಯಿ ಅಲ್ಲಾರೀ, ನಿಮ್ಮ ತಾಯಿ! ನಿಮ್ಮ ತಾಯಿ ಸತ್ತಾಗ!" ಅಮ್ಮನ ಕಡೆ ತಿರುಗಿದರು. "ಇದನ್ನ ನೀವು ಕೇಳ್ಲೇಬೇಕು. ನಾನು ಪ್ರತಿ ಸಲ ಅಳ್ತೀನಿ, ಸುಳ್ಳಲ್ಲ."

ಯಜಮಾನಿ ಹುಬ್ಬು ಹಾರಿಸಿದಳು. 

ಅಮ್ಮ ಫೋರ್ಕನ್ನು ತಟ್ಟೆಯ ಅಂಚಿಗೆ ಸದ್ದಾಗದಂತೆ ಇಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಹೇಳಿ," ಎಂದಳು. "ಸಂಕೋಚ ಬೇಡ. ಹೇಳಿ."

ಅವಳು ತನ್ನನ್ನು ಬಹುವಚನದಲ್ಲಿ ಕರೆದದ್ದು ದೊಡ್ಡವನಾದ ಮೇಲೆ ಇದೇ ಮೊದಲು.

ಇಷ್ಟು ದಿನ ಅವನ ಸತ್ತ ತಾಯಿ ದಣಿದ, ಬಿಳಿ ಕೂದಲಿನ, ಕಿಟಕಿಯ ಪಕ್ಕ ಕೂರುವ ಹೆಂಗಸಾಗಿದ್ದಳು. ಯಾರ ತಾಯಿಗೆ ಬೇಕಾದರೂ ಒಪ್ಪುವಂಥ ತಾಯಿ. ಇವತ್ತು ಆ ತಾಯಿ ಬಾಯಿಗೆ ಬರಲಿಲ್ಲ.

"ನನ್ನ ತಾಯಿ," ಎಂದ, "ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡ್ತಿದ್ಳು. ಬೆಳಗ್ಗೆ ಮನೆಗೆ ಬಂದಾಗ ತಲೆ ಮೇಲೆ ಹೆಡ್‌ಫೋನಿನ ಗೆರೆ ಬಿದ್ದಿರ್ತಿತ್ತು. ನಾನು ಅದರ ಮೇಲೆ ಬೆರಳು ಓಡಿಸ್ತಿದ್ದೆ. ನನ್ನನ್ನ ಎಬ್ಬಿಸೋವಾಗ ಅವಳು ಏಳು ಅಂತಿರಲಿಲ್ಲ. ಲೈನ್ ಸಿಕ್ಕಿದೆ, ಮಾತಾಡಿ ಅಂತಿದ್ಳು."

ಯಾರೋ ಮೆಲ್ಲಗೆ ನಕ್ಕರು.

"ಅರೆ!" ಹಲ್ಲಿನ ಡಾಕ್ಟರು ಪಿಸುಗುಟ್ಟಿದರೂ ಎಲ್ಲರಿಗೂ ಕೇಳಿಸಿತು. "ನೀವೂ ಎಕ್ಸ್‌ಚೇಂಜ್‌ನಲ್ಲೇ ಇದ್ದಿದ್ದಲ್ವಾ? ಗೊತ್ತಿತ್ತಾ ಇವರ ತಾಯಿ?"

ಅವನು ಅಮ್ಮನ ಕಡೆ ನೋಡಿದ.

"ಗೊತ್ತಿತ್ತು," ಎಂದಳು ಅಮ್ಮ. "ಒಂದೇ ಶಿಫ್ಟು."

"ಹೇಗಿದ್ರು?"

"ಮಾತು ಕಮ್ಮಿ."

ಎಲ್ಲರ ಕಣ್ಣೂ ಇವನ ಮೇಲೆ ಬಿತ್ತು. ಅವನು ಹೇಳುತ್ತ ಹೋದ. ಅವಳು ಕೈ ತೊಳೆಯುವ ಬಗೆ, ಮಳೆಯಲ್ಲಿ ನೆನೆದು ಬಂದವನ ತಲೆಯನ್ನು ಬಿರುಸಾಗಿ ಒರೆಸುವ ಬಗೆ, ಡಾಕ್ಟರೇಟು ಬಂದ ದಿನ ಗೋರಿ ಓದುವುದಕ್ಕೆ ಇಷ್ಟು ವರ್ಷ ಬೇಕಾ ಎಂದು ಕೇಳಿ ಆಮೇಲೆ ಇಡೀ ಕಟ್ಟಡಕ್ಕೆ ಸಿಹಿ ಹಂಚಿದ್ದು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳ ಮೇಲೆ ತನಗೆ ಎಷ್ಟು ಪ್ರೀತಿ ಎಂದು ಅವನಿಗೇ ಆಗ ತಿಳಿಯಿತು, ತಿಳಿದು ಗಂಟಲು ನಿಜಕ್ಕೂ ಕಟ್ಟಿತು.

"ಒಂದೇ ಮನೇಲಿದ್ವಿ. ಅವಳು ಆ ಕೋಣೆ, ನಾನು ಈ ಕೋಣೆ. ಹೇಳ್ಬೇಕಾಗಿದ್ದು ಒಂದೂ ಅವಳಿಗೆ ಹೇಳ್ಲಿಲ್ಲ. ಹೊರಗಿನವರ ಮುಂದೆ ಹೇಳ್ಕೊಂಡು ತಿರುಗಿದೆ. ಆಮೇಲೆ ಅವಳು..."

ಅವನು ನಿಂತ. ಇನ್ನೊಂದು ಶಬ್ದ ಬಾಕಿಯಿತ್ತು. ಅಮ್ಮ ಅವನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ, ಮುಗಿಸಲಿ ಎಂದು ಕಾಯುವ ಮುಖ.

"ಹೋಗ್ಬಿಟ್ಳು," ಎಂದ.

ನೆಲಮಾಳಿಗೆ, ಪೀಪಾಯಿ, ಅತ್ತೆಯ ಮಾತು, ಯಾವುದೂ ಬೇಕಾಗಲಿಲ್ಲ. ಹಲ್ಲಿನ ಡಾಕ್ಟರು ಮೂಗು ಸೀಟುತ್ತ ಎದ್ದರು. "ಅವರ ತಾಯಿಗೆ!" ಎಂದರು. ಕುರ್ಚಿಗಳೆಲ್ಲ ಒಟ್ಟಿಗೆ ಸರಿದವು. ಮಂಡಿನೋವಿನ ಅಮ್ಮ ಎಲ್ಲರಿಗಿಂತ ತಡವಾಗಿ, ಮೇಜು ಹಿಡಿದುಕೊಂಡು ಎದ್ದಳು. ಉಳಿದವರು ಒಂದೊಂದು ಗುಟುಕು ಕುಡಿದರು. ಅಮ್ಮ ಗ್ಲಾಸನ್ನು ಪೂರ್ತಿ ಖಾಲಿ ಮಾಡಿ ಇಟ್ಟಳು. ಆಮೇಲೆ ಬಿಕ್ಕುತ್ತಿದ್ದ ಡಾಕ್ಟರ ಬೆನ್ನು ಸವರಿದಳು.

"ಸಮಾಧಾನ ಮಾಡ್ಕೊಳ್ಳಿ ಡಾಕ್ಟ್ರೇ. ವಯಸ್ಸಾಗಿತ್ತು."

ಶೆಫ್ ಒಳಗೆ ಹೋಗಿ ಬಾಗಿಲು ದಢಾರನೆ ಹಾಕಿಕೊಂಡ. ಅಳು ಬಂದದ್ದಕ್ಕೋ, ಮಾಂಸ ಆರಿದ್ದಕ್ಕೋ.

ನಾಲ್ಕನೇ ಗ್ಲಾಸಿಗೆ ಎಲ್ಲರೂ ಗೆಲುವಾದರು. ಅತ್ತವರು ಜಾಸ್ತಿ ತಿನ್ನುತ್ತಾರೆ. ಗಟ್ಟಿ ಬಿಸ್ಕತ್ತನ್ನು ಸಿಹಿ ವೈನಿನಲ್ಲಿ ಅದ್ದುವುದು ಅಮ್ಮನಿಗೆ ಬಹಳ ಹಿಡಿಸಿ, ಡಾಕ್ಟರು ತಮ್ಮ ಪಾಲಿನದನ್ನೂ ಅವಳಿಗೆ ಕೊಟ್ಟರು. ಮೂರನೇ ಬಾಟಲಿಗೆ ಮೇಜಿನಿಂದ ಮೇಜಿಗೆ ಕೇಳಿಕೆ ಬರುತ್ತಿತ್ತು. ಯಜಮಾನಿ ಇವನ ಹತ್ತಿರ ಹಾದುಹೋಗುತ್ತ, "ಟೆಲಿಫೋನ್ ಬಹಳ ಚೆನ್ನಾಗಿತ್ತು. ಇನ್ಮೇಲೆ ಅದೇ ಇರಲಿ," ಎಂದಳು.

ಆಮೇಲೆ ಫೋಟೋ. ಮನೆಯವನ ಜೊತೆ ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಯಾರೂ ಹೋಗುತ್ತಿರಲಿಲ್ಲ. ಗೋಡೆಯ ಮೇಲೆ ಗುಡ್ಡದ ದೊಡ್ಡ ಚಿತ್ರ, ಅದರ ಮುಂದೆ ಇವನು, ಎದುರಿಗೆ ಸಾಲು. ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ನಿಂತು ನಕ್ಕು ಹೋಗುತ್ತಿದ್ದರು. ಹಲ್ಲಿನ ಡಾಕ್ಟರು ತಮ್ಮ ಸರದಿ ಮುಗಿಸಿ ಅಮ್ಮನ ಕೋಟು ತರಲು ಹೋದರು. ಸಾಲು ಮುಂದೆ ಸರಿದು ಅಮ್ಮ ಬಂದು ನಿಂತಳು. ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ.

"ಸ್ವಲ್ಪ ಹತ್ರ ಬನ್ನೀಮ್ಮಾ," ಎಂದಳು ಯಜಮಾನಿ ಫೋನು ಎತ್ತಿ. "ಮನೆಯವರ ಥರ ನಿಂತ್ಕೊಳ್ಳಿ."

ಅವನು ಅವಳ ಭುಜದ ಮೇಲೆ ತೋಳು ಹಾಕಿದ. ಅವಳು ಇಷ್ಟು ಕುಳ್ಳಗಾಗಿದ್ದು ಅವನಿಗೆ ಗೊತ್ತಿರಲಿಲ್ಲ. ತೊಳೆದ ಕೂದಲಿನ ವಾಸನೆ ಬಂತು.

ಅಮ್ಮ ಎದುರಿಗೇ ನೋಡುತ್ತ, ನಗೆ ಕದಲದಂತೆ, ತುಟಿಯ ಸಂದಿಯಿಂದ ಹೇಳಿದಳು.

"ಮಗೂನ ಒಂದ್ಸಲ ಮನೆಗೆ ಕರ್ಕೊಂಡ್ ಬನ್ನಿ."

ಅವನು ಆ ದನಿಯಲ್ಲಿ ಕುಹಕ ಹುಡುಕಿದ. ಕ್ಷಮೆ ಹುಡುಕಿದ. ಅವಳು ನಂಬಿಬಿಟ್ಟಳೇ ಎಂದು ಒಂದು ಕ್ಷಣ ಹೆದರಿದ, ಮರುಕ್ಷಣ ನಂಬಿರಲಿ ಎಂದು ಆಸೆಪಟ್ಟ. ಅದು ಎಕ್ಸ್‌ಚೇಂಜಿನ ದನಿ. ಸ್ಪಷ್ಟವಾಗಿ, ಮರ್ಯಾದೆಯಿಂದ, ಯಾರದೂ ಅಲ್ಲದ ಹಾಗೆ ಇತ್ತು.

"ಆಗ್ಲಿ," ಎಂದ.

"ಕಣ್ಣು ಮುಚ್ಚಿದ್ರಿ, ಇನ್ನೊಂದು," ಎಂದಳು ಯಜಮಾನಿ. "ಹಾಂ, ಆಯ್ತು. ಮುಂದಿನವರು ಬನ್ನಿ."

ಅಮ್ಮ ತೋಳಿನ ಕೆಳಗಿನಿಂದ ಸರಿದು ಹೊರಟಳು. ಡಾಕ್ಟರು ಕೋಟು ಹಿಡಿದರು. ಅವಳು ಒಂದು ಕೈ ತೂರಿಸಿದಳು, ಇನ್ನೊಂದನ್ನು ತೂರಿಸಿದಳು, ಬಾಗಿಲು ತೆರೆದು ಮುಚ್ಚಿತು. ಅವನ ತೋಳು ಮಾತ್ರ ಎಲ್ಲಿತ್ತೋ ಅಲ್ಲೇ, ಅವಳ ಭುಜದ ಎತ್ತರಕ್ಕೆ, ಗಾಳಿಯಲ್ಲಿ ಉಳಿದಿತ್ತು. ಮುಂದಿನವರು ಬಹಳ ಎತ್ತರದ ಮನುಷ್ಯ. ಅವರು ಆ ತೋಳನ್ನು ಒಮ್ಮೆ ನೋಡಿದರು, ತಮಗಾಗಿಯೇ ಇಟ್ಟಿದ್ದು ಎಂದುಕೊಂಡು, ನಗುನಗುತ್ತಲೇ ಮಂಡಿ ಬಗ್ಗಿಸಿ ಅದರ ಕೆಳಗೆ ಹೊಂದಿಕೊಂಡು ನಿಂತರು.